ಮಕ್ಕಳ ಬದಲು ಮನೆ ಬಿಟ್ಟವರು

ನನ್ನ ದೊಡ್ಡಮ್ಮನ ಮಗಳು ಡೆಸ್ಲಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಫೋನಿನಲ್ಲಿ ಮಾತಾಡುತ್ತ ಅಂಗಳ ಸುತ್ತುವಳು. ಯಾರದಾದರೂ ಮನೆಗೆ ಹೋದರೆ ಸ್ವಲ್ಪ ಹೊತ್ತಿಗೇ ಎದ್ದು ಅವರ ಸಿಂಕಿನಲ್ಲಿದ್ದ ಪಾತ್ರೆ ತೊಳೆಯಲು ಶುರುಮಾಡುವಳು. ಅಂಥವಳಿಗೆ ಸಿಕ್ಕಿದ್ದು ಕಾಯುವ ಉದ್ಯೋಗ. ವಾರಿಗೋ ನದಿಯ ದಂಡೆಯ ನಮ್ಮ ಊರಿನಲ್ಲಿ ಯಾವುದಾದರೂ ಮರ್ರಿ ಮಗುವನ್ನು, ಅಂದರೆ ನಮ್ಮ ಮೂಲನಿವಾಸಿ ಜನರ ಮಗುವನ್ನು, ಮನೆಯಿಂದ ತೆಗೆಯಬೇಕೆಂದು ಮಕ್ಕಳ ರಕ್ಷಣೆಯ ಇಲಾಖೆಯವರು ಹೊರಟರೆ, ಆ ಮಗುವಿನ ಬಂಧುಬಳಗವನ್ನೆಲ್ಲ ಹುಡುಕಿ ಒಂದು ಕಡೆ ಸೇರಿಸುವುದು ಅವಳ ಕೆಲಸ. ಮಗು ಎಲ್ಲಿರಬೇಕು, ಯಾರು ನೋಡಿಕೊಳ್ಳಬೇಕು ಎಂಬುದನ್ನು ಆ ಬಂಧುಗಳೇ ಕೂತು ಮಾತಾಡಿ ನಿರ್ಧರಿಸಬೇಕು. ಡೆಸ್ಲಿ ನಿರ್ಧರಿಸುವಂತಿಲ್ಲ. ಹೀಗೆ ಮಾಡಿ ಎಂದು ಸೂಚಿಸುವಂತೆಯೂ ಇಲ್ಲ. ಜನರನ್ನು ಕರೆತಂದು, ಊಟ ಹಾಕಿ, ಮಾತು ಶುರುವಾದ ಮೇಲೆ ಹೊರಗೆ ಹೋಗಿ ಕಾಯಬೇಕು, ಅಷ್ಟೆ.

ಇಲಾಖೆಗೆ ಸೇರದ, ನಮ್ಮ ಜನರದೇ ಆದ ಅವಳ ಕಚೇರಿಯ ವ್ಯಾನ್ ಓಡಿಸುತ್ತಿದ್ದವಳು ನಾನು, ರೋ. ಅವಳು ಹೊರಗೆ ಕಾಯುವಾಗ ಜೊತೆಗೆ ಕಾಯುತ್ತಿದ್ದವಳೂ ನಾನೇ. ಹಾಗಾಗಿ ಅವಳ ಚಡಪಡಿಕೆಯ ಬಹುಪಾಲು ನನ್ನ ಪಾಲಿಗೇ ಬರುತ್ತಿತ್ತು.

ಅದರ ಮೂಲ ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು. ಡೆಸ್ಲಿ ಇನ್ನೂ ಶಾಲೆಗೆ ಸೇರುವ ಮುಂಚೆ ಒಂದು ದಿನ ಇಲಾಖೆಯ ಬಿಳಿ ಕಾರು ಬಂದು ಅವಳನ್ನು ಕರೆದುಕೊಂಡು ಹೋಯಿತು. ಅಮ್ಮ ಸಂಜೆ ಬರುತ್ತಾಳೆ ಎಂದು ಕಾರಿನವರು ಹೇಳಿದ್ದರಂತೆ. ಕರಾವಳಿಯ ಊರುಗಳಲ್ಲಿ ಅವಳನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುತ್ತ ಹೋದರು. ಹೊಡೆದವರು ಕಡಿಮೆ, ಹೊಟ್ಟೆಗೆ ಹಾಕಿದವರೇ ಹೆಚ್ಚು. ಆದರೆ ಒಂದು ಮನೆಯ ಮಂಚಕ್ಕೆ ಮೈ ಒಗ್ಗುವ ಹೊತ್ತಿಗೆ ಇನ್ನೊಂದು ಮನೆ. ದೊಡ್ಡವಳಾಗಿ ಊರಿಗೆ ಮರಳಿದಾಗ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯದೆ ಹವಾಮಾನದ ಬಗ್ಗೆ ಮಾತಾಡಿದರು. ಇದನ್ನು ಡೆಸ್ಲಿ ನನಗೆ ಹೇಳಿದ್ದು ಒಮ್ಮೆ ಮಾತ್ರ, ಅದೂ ವ್ಯಾನಿನ ಕಿಟಕಿಯಾಚೆ ನೋಡುತ್ತ.

ನಾನು ಹೇಳಹೊರಟದ್ದು ಟಾರ್ನ್ಯಾಳ ಮಕ್ಕಳ ವಿಷಯ.

ಟಾರ್ನ್ಯಾ ಒಳ್ಳೆಯ ಹುಡುಗಿ. ಗಂಡ ಜೈಲಿಗೆ ಹೋದ ಮೇಲೆ ನಿದ್ದೆಗೆಂದು ಮಾತ್ರೆ ಶುರುಮಾಡಿದಳು, ಆಮೇಲೆ ಮಾತ್ರೆಯೇ ಅವಳನ್ನು ಹಿಡಿದುಕೊಂಡಿತು. ಅವಳ ಎಂಟು ವರ್ಷದ ಮಗಳು ಮೇಲೀನ್ ತನ್ನ ಪುಟ್ಟ ತಮ್ಮ ಜಾಯ್‌ನನ್ನು ಸೊಂಟದ ಮೇಲೆ ಹೊತ್ತುಕೊಂಡು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಹಾಲು ಕೇಳುತ್ತಿದ್ದುದನ್ನು ಯಾರೋ ನೋಡಿ ಇಲಾಖೆಗೆ ಫೋನ್ ಮಾಡಿದರು. ಮಕ್ಕಳನ್ನು ಸದ್ಯಕ್ಕೆ ಊರಿನಲ್ಲೇ ಒಬ್ಬ ನಿವೃತ್ತ ನರ್ಸ್ ಮನೆಯಲ್ಲಿಟ್ಟರು. ಆದರೆ ಆಕೆಗೆ ಹೆಚ್ಚು ದಿನ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಮುಂದಿನದು ಕರಾವಳಿಯ ಒಂದು ಮನೆ ಎಂದು ಇಲಾಖೆ ಗುರುತು ಮಾಡಿಟ್ಟಿತ್ತು. ಇಲ್ಲಿಂದ ಒಂದು ಹಗಲು ಪೂರ್ತಿ ಕಾರು ಓಡಿಸಬೇಕಾದಷ್ಟು ದೂರ.

ಇಲಾಖೆಯ ಕಡೆಯಿಂದ ಇದನ್ನು ನೋಡಿಕೊಳ್ಳುತ್ತಿದ್ದವಳು ಫಿಲಿಪ್ಪಾ. ವಯಸ್ಸಿನಲ್ಲಿ ಚಿಕ್ಕವಳು, ಹೊಸಬಳು, ಕೆಟ್ಟವಳಲ್ಲ. ಅವಳ ಮೇಲಿನವರು ಕೋರ್ಟಿನ ತಾರೀಖು ಹೇಳಿ ಅವಳನ್ನು ಓಡಿಸುತ್ತಿದ್ದರು, ಅವಳು ಅದೇ ತಾರೀಖು ಹೇಳಿ ಡೆಸ್ಲಿಯನ್ನು ಓಡಿಸುತ್ತಿದ್ದಳು. ಡೆಸ್ಲಿಯನ್ನು ಓಡಿಸಲು ಯಾರೂ ಬೇಕಿರಲಿಲ್ಲ, ಅದು ಬೇರೆ ಮಾತು. ಮೂರೇ ದಿನದಲ್ಲಿ ಬಂಧುಗಳನ್ನೆಲ್ಲ ಫೋನಿನಲ್ಲಿ ಹಿಡಿದು, ಇಲಾಖೆಯ ಕಟ್ಟಡದಲ್ಲೇ ಒಂದು ಕೋಣೆ ಗೊತ್ತುಮಾಡಿ, ಸಭೆ ಕರೆದುಬಿಟ್ಟಳು.

ಆ ಸಭೆ ಸಭೆಯಾಗಲಿಲ್ಲ. ಕಟ್ಟಡ ಕೋರ್ಟಿಗೆ ಅಂಟಿಕೊಂಡಿದೆ, ಎದುರಿಗೇ ಪೊಲೀಸ್ ಠಾಣೆ. ಟಾರ್ನ್ಯಾಳ ತಾಯಿ ಕೋರಲ್ ಒಳಗೆ ಬಂದರೂ ಕೈಚೀಲವನ್ನು ಮಡಿಲಲ್ಲೇ ಅವುಚಿಕೊಂಡು ಕೂತರು. ಮಕ್ಕಳ ಸೋದರತ್ತೆ ಕೆರಿಲಿನ್ ಕೆಲಸದ ಸಮವಸ್ತ್ರದಲ್ಲೇ ಬಂದು ಗಡಿಯಾರ ನೋಡುತ್ತಿದ್ದಳು. ಕೋರಲ್ ಅವರ ತಮ್ಮ ಸೆಲ್ವಿನ್, ಕುರಿ ಸಾಕಣೆಯ ದೊಡ್ಡ ಜಮೀನುಗಳಲ್ಲಿ ಬೇಲಿ ಹಾಕುವ ತಂಡಗಳಿಗೆ ಅಡುಗೆ ಮಾಡಿ ಹಾಕುವ ಮುದುಕ, ತನ್ನ ಹಳೆಯ ಟ್ರಕ್ಕಿನಿಂದ ಇಳಿಯಲೇ ಇಲ್ಲ. ಡೆಸ್ಲಿ ಹೊರಗೆ ಹೋಗಿ ಕರೆದಳು.

"ಆ ಬಾಗಿಲೊಳಗೆ ಹೋದೋರು ಮಕ್ಕಳಿಲ್ದೆ ಹೊರಗೆ ಬರೋದನ್ನ ಚಿಕ್ಕಂದಿನಿಂದ ನೋಡಿದೀನಿ ಕಣೆ ಡೆಸ್," ಎಂದ ಸೆಲ್ವಿನ್. "ನನ್ನ ಏನಾದ್ರೂ ಕೇಳೋದಿದ್ರೆ ಇಲ್ಲಿಗೇ ಬಂದು ಕೇಳು. ಟ್ರಕ್ಕಲ್ಲಿ ಜಾಗ ಇದೆ."

ಒಳಗೆ ಫಿಲಿಪ್ಪಾ ಏನೇ ಹೇಳಿದರೂ ಟಾರ್ನ್ಯಾ ತಲೆ ಆಡಿಸುತ್ತಿದ್ದಳು. ಕರಾವಳಿಯ ಮನೆ ಎಂದಾಗಲೂ ಆಡಿಸಿದಳು. ಫಿಲಿಪ್ಪಾ ಅದನ್ನು ಒಪ್ಪಿಗೆ ಎಂದುಕೊಂಡಳು. ಡೆಸ್ಲಿ ಎದ್ದು, ಇವತ್ತಿಗೆ ಇಷ್ಟು ಸಾಕು, ಇದು ಲೆಕ್ಕಕ್ಕಿಲ್ಲ ಎಂದು ಸಭೆ ಮುಗಿಸಿದಳು. ವ್ಯಾನಿನಲ್ಲಿ ನನ್ನ ಪಕ್ಕ ಕೂತು ಸೀಟಿನ ಅಂಚಿಗೆ ಮುಷ್ಟಿಯಿಂದ ಗುದ್ದಿಕೊಂಡಳು. ತಾನೇ ಅವಸರ ಮಾಡಿ ಅವರನ್ನು ಆ ಕೋಣೆಗೆ ಎಳೆದೆನಲ್ಲ ಎಂಬುದು ಅವಳ ಸಂಕಟ.

ಅದರ ಬೆನ್ನಿಗೇ ಕೋರಲ್ ಅವರ ಅಣ್ಣ ತೀರಿಕೊಂಡರು. ಅವರ ಹೆಸರು ಹೇಳುವುದಿಲ್ಲ, ಹೋದವರ ಹೆಸರನ್ನು ನಾವು ಸುಮ್ಮನೆ ಎತ್ತುವುದಿಲ್ಲ. ಆ ಮನೆತನಕ್ಕೆ ಅವರೇ ಹಿರಿಯರು. ದೂರದೂರದಿಂದ ಜನ ಬರತೊಡಗಿದರು. ಕೋರಲ್ ಅವರ ಅಂಗಳದ ತುಂಬ ಚಾಪೆ, ಹಾಸಿಗೆ. ಅಂಥ ಹೊತ್ತಿನಲ್ಲಿ ಫಿಲಿಪ್ಪಾ ನಮ್ಮ ಕಚೇರಿಗೆ ಬಂದು, ಕೋರ್ಟಿನ ತಾರೀಖು ಹತ್ತಿರ ಬಂತು, ಈ ವಾರವೇ ಇನ್ನೊಂದು ಸಭೆ ಆಗಬೇಕು ಎಂದಳು.

ಡೆಸ್ಲಿ ನಿಂತಿದ್ದವಳು ಅಂದು ಮಾತ್ರ ಅವಳೆದುರು ಕುರ್ಚಿ ಎಳೆದುಕೊಂಡು ಕೂತಳು.

"ಅವರ ಅಣ್ಣನ್ನ ಇನ್ನೂ ಮಣ್ಣು ಮಾಡಿಲ್ಲ. ಈಗ ಕರೆದ್ರೆ ಬರ್ತಾರೆ. ನೀವು ಕರೆದ್ರೆ ಬರ್ಲೇಬೇಕು ಅಂತ ನಮ್ಮ ಜನ ಕಲ್ತುಬಿಟ್ಟಿದಾರೆ. ಬಂದು ತಲೆ ಆಡಿಸಿ ಹೋಗ್ತಾರೆ. ನಿಂಗೆ ಅದು ಸಾಕಾ?"

ಫಿಲಿಪ್ಪಾ ಕೈಯಲ್ಲಿದ್ದ ಕಡತ ಮುಚ್ಚಿದಳು. ಮಕ್ಕಳನ್ನು ನೋಡಿಕೊಳ್ಳುತ್ತಿರುವ ಆಕೆ ಇನ್ನೆಷ್ಟು ದಿನ ಇಟ್ಟುಕೊಳ್ಳಬಲ್ಲರು ಎಂದು ಕೇಳಿದಳು. ಡೆಸ್ಲಿ ಆಗಲೇ ಆ ನರ್ಸ್ ಮನೆಗೆ ಹೋಗಿ ಮಾತಾಡಿ ಬಂದಿದ್ದಳು, ತಿಂಗಳ ಕೊನೆಯವರೆಗೆ ಎಂದು ಆಕೆ ಒಪ್ಪಿದ್ದರು. "ನಾನು ಕೇಳಿ ನೋಡ್ತೀನಿ, ಮಾತು ಕೊಡಲ್ಲ," ಎಂದು ಫಿಲಿಪ್ಪಾ ಎದ್ದಳು. ಮೇಲಿನವರೊಂದಿಗೆ ಏನು ಜಗಳವಾಡಿದಳೋ ಗೊತ್ತಿಲ್ಲ, ತಾರೀಖು ಮುಂದಕ್ಕೆ ಹೋಯಿತು.

ಆ ದಿನಗಳಲ್ಲಿ ಡೆಸ್ಲಿಯ ಜೊತೆ ಇರುವುದೆಂದರೆ ಹಲ್ಲುನೋವಿನವರ ಜೊತೆ ಇದ್ದಂತೆ. ಅಂತ್ಯಕ್ರಿಯೆಗೆ ಬಂದವರಿಗೆ ನಾವಿಬ್ಬರೂ ಡ್ಯಾಂಪರ್ ರೊಟ್ಟಿ ಸುಟ್ಟೆವು, ಸಾಸೇಜಿನ ಸಾರು ಮಾಡಿದೆವು. ಮಕ್ಕಳ ಮಾತು ಎತ್ತುವಂತಿರಲಿಲ್ಲ. ಅವಳ ಬಾಯಿಗೆ ಬಂದದ್ದು ಅಲ್ಲೇ ಉಳಿಯುತ್ತಿತ್ತು. ರಾಶಿ ಆಲೂಗಡ್ಡೆ ಸುಲಿಯುತ್ತ, ಕೆರಿಲಿನ್‌ಳೇ ಸರಿ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುವಳು. ಕೆರಿಲಿನ್‌ಗೆ ಶಾಲೆಯಲ್ಲಿ ಕಾಯಂ ಕೆಲಸ, ಇಟ್ಟಿಗೆಯ ಮನೆ, ಕುಡಿತವಿಲ್ಲ. ಎಲ್ಲರೂ ಒಂದು ಮಾತು ಹೇಳಿದರೆ ಸಾಕು, ಅಂದೇ ಮುಗಿಯುತ್ತದೆ.

"ಅದನ್ನ ನೀನು ಹೇಳೋ ಹಾಗಿಲ್ವಲ್ಲ ಸಿಸ್," ಎಂದೆ ನಾನು.

"ಗೊತ್ತು ಬಿಡೆ," ಎಂದಳು.

ಎರಡನೆಯ ಸಭೆ ನದಿದಂಡೆಯಲ್ಲಿ ಸೇರಿತು. ಜಾಗ ಹೇಳಿದವರು ಕೋರಲ್. ತಮ್ಮ ಅಣ್ಣ ಮೀನು ಹಿಡಿಯಲು ಕೂರುತ್ತಿದ್ದ ಕೂಲಿಬಾ ಮರದ ಕೆಳಗೆ. ಚಳಿಗಾಲದ ಬೆಳಗು, ಪಡುವಣ ಗಾಳಿ ಮೂಳೆಗೆ ಹೊಗುತ್ತಿತ್ತು. ಸೆಲ್ವಿನ್ ಮೊದಲೇ ಬಂದು ಬೆಂಕಿ ಮಾಡಿ ಚಹಾ ಕಾಯಿಸಿದ್ದ, ಹಿಂದಿನ ದಿನ ಹಿಡಿದ ಯೆಲ್ಲೋಬೆಲಿ ಮೀನನ್ನು ಕೆಂಡದ ಮೇಲಿಟ್ಟಿದ್ದ. ನಾನು ನರ್ಸ್ ಮನೆಯಿಂದ ಮಕ್ಕಳನ್ನು ಕರೆತಂದೆ. ಜಾಯ್ ಅಮ್ಮನನ್ನು ಕಂಡೊಡನೆ ಓಡಿದ. ಮೇಲೀನ್ ಓಡಲಿಲ್ಲ. ನಿಧಾನವಾಗಿ ಹೋಗಿ ಟಾರ್ನ್ಯಾಳ ಮುಖವನ್ನು ಪರೀಕ್ಷಿಸುವಂತೆ ನೋಡಿ, ಆಮೇಲೆ ಪಕ್ಕದಲ್ಲಿ ಕೂತಳು.

ಫಿಲಿಪ್ಪಾ ಇಲಾಖೆಯ ಆತಂಕಗಳನ್ನೆಲ್ಲ ನೇರ ಮಾತಿನಲ್ಲಿ ಹೇಳಿದಳು. ಮಕ್ಕಳಿಗೆ ರಾತ್ರಿ ಊಟವಿಲ್ಲದ್ದು, ಬಾಗಿಲು ತೆರೆದೇ ಇದ್ದದ್ದು, ಜಾಯ್ ರಸ್ತೆಗೆ ಬಂದದ್ದು. ಟಾರ್ನ್ಯಾ ಈ ಸಲ ತಲೆ ಆಡಿಸಲಿಲ್ಲ, ಅತ್ತಳು. ಕೋರಲ್ ಅವಳ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಡೆಸ್ಲಿ, ಇನ್ನು ನಾವು ಮೂವರೂ ಆಚೆ ಹೋಗುತ್ತೇವೆ, ನಿಮ್ಮ ಮಾತು ಮುಗಿದ ಮೇಲೆ ಕರೆಯಿರಿ, ಅವಸರವಿಲ್ಲ ಎಂದಳು. ಅವಸರವಿಲ್ಲ ಎನ್ನುವಾಗಲೇ ಅವಳ ಕಾಲು ಹೊರಟು ನಿಂತಿತ್ತು.

ನಾವು ಮಾತು ಕೇಳಿಸದಷ್ಟು ದೂರ ಹೋದೆವು. ಫಿಲಿಪ್ಪಾ ಒಂದು ಮರದ ಬೇರಿನ ಮೇಲೆ ಕೂತಳು. ಡೆಸ್ಲಿ ದಂಡೆಯುದ್ದಕ್ಕೂ ನಡೆದಳು, ತಿರುಗಿದಳು, ಮತ್ತೆ ನಡೆದಳು. ದೂರದಲ್ಲಿ ಸೆಲ್ವಿನ್ ಕೈಯೆತ್ತಿ ಏನೋ ಹೇಳುತ್ತಿದ್ದ. ಕೆರಿಲಿನ್ ಎದ್ದು ನಿಂತಳು, ಬೆನ್ನು ತಿರುಗಿಸಿದಳು, ಮತ್ತೆ ಕೂತಳು. ಜಗಳ ನಡೆದಿದೆಯೇ, ಹೋಗಿ ನೋಡಲೇ ಎಂದು ಡೆಸ್ಲಿ ನನ್ನನ್ನು ಕೇಳುತ್ತಲೇ ಇದ್ದಳು. ಬೇಡ ಎಂದು ನಾನು ಹೇಳುತ್ತಲೇ ಇದ್ದೆ. ಸೂರ್ಯ ಮರದ ಮೇಲಕ್ಕೇರಿ ನೆರಳು ನಮ್ಮನ್ನು ಬಿಟ್ಟುಹೋಯಿತು. ಫಿಲಿಪ್ಪಾಳೇ ಕೊನೆಗೆ, "ಆಂಟಿ, ನಿಮ್ಮನ್ನ ನೋಡಿ ನಂಗೇ ಸುಸ್ತಾಗ್ತಿದೆ," ಎಂದಳು.

ಮರದ ಕೆಳಗೆ ನಡೆದ ಮಾತು ಏನೆಂದು ಕೆರಿಲಿನ್ ನನಗೆ ಹೇಳಿದ್ದು ಬಹಳ ದಿನಗಳ ಮೇಲೆ. ನಾವು ಆಚೆ ಹೋದೊಡನೆ ಎಲ್ಲರ ಕಣ್ಣೂ ಅವಳ ಕಡೆ ತಿರುಗಿದವಂತೆ. ಅವಳ ತಾಯಿ ಬೇಗನೇ ತೀರಿಕೊಂಡಿದ್ದಳು. ತಮ್ಮಂದಿರು, ತಂಗಿಯರು, ಕೊನೆಗೆ ಈಗ ಜೈಲಿನಲ್ಲಿರುವ ಟಾರ್ನ್ಯಾಳ ಗಂಡ, ಎಲ್ಲರನ್ನೂ ಸಾಕಿದವಳು ಅವಳೇ. "ಹದಿನೈದು ವರ್ಷದೋಳಾದಾಗ್ಲಿಂದ ಎಲ್ರೂ ನನ್ನ ಕಡೆನೇ ನೋಡ್ತಿದಾರೆ ರೋ," ಎಂದಳು ನನಗೆ. "ಡೆಸ್ ಆಂಟಿ ಎದುರಿಗಿದ್ದಿದ್ರೆ ನಂಗೆ ಆಗಲ್ಲ ಅನ್ನೋಕೆ ಬಾಯೇ ಬರ್ತಿರ್ಲಿಲ್ಲ. ಹೂಂ ಅಂದುಬಿಡ್ತಿದ್ದೆ." ಅಂದು ಆಗಲ್ಲ ಎಂದಳು. ತನಗೆ ಸಾಕಾಗಿದೆ ಎಂದಳು. ಕೋರಲ್ ಮೊದಲು ಸಿಟ್ಟಾದರು, ಆಮೇಲೆ, ಈ ಮಾತು ನೀನು ಮೊದಲೇ ಹೇಳಬೇಕಿತ್ತು ಎಂದು ಅವಳ ಕೈ ಹಿಡಿದುಕೊಂಡರು. ಹಾಗಾದರೆ ಯಾರು ಎಂಬ ಪ್ರಶ್ನೆ ಎಲ್ಲರನ್ನೂ ಸುತ್ತಿ ಬಂತು. ಕೋರಲ್ ಅವರಿಗೆ ವಾರಕ್ಕೆ ಮೂರು ಸಲ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಉಳಿದವರ ಮನೆಗಳಲ್ಲಿ ಕಾಲಿಡಲು ಜಾಗವಿಲ್ಲ. ಮಕ್ಕಳು ಆ ಮನೆಗೆ, ಈ ಮನೆಗೆ, ಒಬ್ಬರು ಅಲ್ಲಿ ಒಬ್ಬರು ಇಲ್ಲಿ ಎಂದು ಮಾತು ಸಾಗುತ್ತಿರುವಾಗ ಮೇಲೀನ್ ಬಾಯಿ ಬಿಟ್ಟಳು.

"ಹುಷಾರಿಲ್ದೇ ಇರೋದು ಅಮ್ಮಂಗೆ. ಅಮ್ಮ ಆಸ್ಪತ್ರೆಗೆ ಹೋಗ್ಲಿ. ನಾವ್ಯಾಕೆ ಮನೆ ಬಿಡ್ಬೇಕು?"

ಅದನ್ನು ಕೇಳಿ ಸೆಲ್ವಿನ್ ಟೋಪಿ ತೆಗೆದನಂತೆ.

ನಮ್ಮನ್ನು ಕರೆದಾಗ ಸೆಲ್ವಿನ್ ಎದ್ದು ನಿಂತಿದ್ದ. ಟೋಪಿ ಕೈಯಲ್ಲಿತ್ತು. "ಮಕ್ಕಳು ಅವರ ಮನೇಲೇ ಇರ್ತಾರೆ," ಎಂದ. "ಮನೆ ಬಿಡೋರು ನಾವು. ಟಾರ್ನ್ಯಾ ಚಿಕಿತ್ಸೆಗೆ ಹೋಗ್ತಾಳೆ, ಅಲ್ಲಿ ಅವಳ ಚಿಕ್ಕಮ್ಮ ಹತ್ರದಲ್ಲೇ ಇದಾಳೆ. ನಾನು ಜಮೀನಿನ ಕೆಲಸ ಬಿಟ್ಟು ಬಂದು ಮಕ್ಕಳ ಜೊತೆ ಇರ್ತೀನಿ. ಶನಿವಾರ, ಭಾನುವಾರ ಕೋರಲ್. ನಂಗೆ ಕೂದಲು ಬಾಚೋಕೆ ಬರಲ್ಲ, ಅದನ್ನ ಕೆರಿಲಿನ್ ಶಾಲೇಲಿ ನೋಡ್ಕೋತಾಳಂತೆ."

ನಾನು ಡೆಸ್ಲಿಯ ಕಡೆ ನೋಡಿದೆ. ಅವಳ ಮುಖ ಗಟ್ಟಿಯಾಗಿತ್ತು. ಸೆಲ್ವಿನ್ ಯೌವನದಲ್ಲಿ ಕುಡಿದು ಹೊಡೆದಾಡಿ ಜೈಲು ಕಂಡವನು. ಕುಡಿತ ಬಿಟ್ಟು ಎಷ್ಟೋ ವರ್ಷವಾಗಿತ್ತು, ಆದರೂ ಮನೆ ಎಂದರೇನೆಂದು ತಿಳಿಯದೆ ಡೇರೆಗಳಲ್ಲಿ ಬದುಕಿದವನು. ಎರಡು ಮಕ್ಕಳನ್ನು, ಅದರಲ್ಲೂ ಒಂದು ಹಾಲುಗಲ್ಲದ ಮಗುವನ್ನು ಅವನ ಕೈಗೆ ಕೊಡುವುದೇ? ಅವಳ ಮನಸ್ಸಿನಲ್ಲಿ ಓಡುತ್ತಿದ್ದುದೆಲ್ಲ ನನಗೆ ಕಾಣುತ್ತಿತ್ತು. ಅವಳು ಕೇಳಿದ್ದು ಒಂದೇ ಮಾತು.

"ಇದು ನೀವೆಲ್ಲ ಸೇರಿ ಹೇಳ್ತಿರೋದಾ?"

ಒಬ್ಬೊಬ್ಬರೇ ಹೌದೆಂದರು. ಟಾರ್ನ್ಯಾ ಬಾಯಿಬಿಟ್ಟು ಹೌದೆಂದಳು.

"ನಿಂಗೆ ಹಿಡಿಸ್ಲಿಲ್ಲ ಅನ್ಸತ್ತೆ," ಎಂದ ಸೆಲ್ವಿನ್.

"ನಂಗೆ ಹಿಡಿಸ್ಬೇಕು ಅಂತ ಎಲ್ಲೂ ಇಲ್ಲ ಅಂಕಲ್," ಎಂದಳು ಡೆಸ್ಲಿ. ತಿರುಗಿ ಫಿಲಿಪ್ಪಾಗೆ ಹೇಳಿದಳು: "ಇದು ಈ ಕುಟುಂಬದ ತೀರ್ಮಾನ. ಇದನ್ನ ಹಾಗೇ ತಗೊಂಡು ಹೋಗು."

ಊರಿಗೆ ಮರಳುವ ದಾರಿಯುದ್ದಕ್ಕೂ ವ್ಯಾನಿನಲ್ಲಿ ಅವಳು ನನ್ನ ಮೇಲೆ ಹರಿಹಾಯ್ದಳು. ಆ ಮುದುಕ ಎರಡು ವಾರದಲ್ಲಿ ಓಡಿಹೋಗುತ್ತಾನೆ, ಮಕ್ಕಳು ಮತ್ತೆ ಕಾರು ಹತ್ತುತ್ತಾರೆ, ಆಗ ಊರೆಲ್ಲ ನಮ್ಮನ್ನೇ ಬೈಯುತ್ತದೆ. ಹಾಗಾದರೆ ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಕಿಟಕಿಯ ಕಡೆ ತಿರುಗಿದಳು. "ಚಿಕ್ಕೋಳಿದ್ದಾಗ ನಂಗೆ ಒಳ್ಳೇದಾಗ್ಲಿ ಅಂತಾನೇ ಎಲ್ರೂ ನಿರ್ಧಾರ ಮಾಡಿದ್ರು ಕಣೆ. ಒಬ್ಬರೂ ಕೆಟ್ಟೋರಿರ್ಲಿಲ್ಲ," ಎಂದಳು.

ಇಲಾಖೆ ಒಮ್ಮೆಗೇ ಒಪ್ಪಲಿಲ್ಲ. ಮಕ್ಕಳ ಜೊತೆ ವಾಸಿಸುವ ದೊಡ್ಡವರಿಗೆ ಸರ್ಕಾರದ ಪರವಾನಗಿ ಬೇಕು, ಸೆಲ್ವಿನ್‌ನ ಹಳೆಯ ಜೈಲುವಾಸ ಅದಕ್ಕೆ ಅಡ್ಡ ಬಂತು. ಫಿಲಿಪ್ಪಾ ಅವನ ಪರವಾಗಿ ವಾದಿಸಿ ಬಂದಳು, ಮೇಲಿನವರು ಆಗದೆಂದರು, ಇವಳು ಮತ್ತೆ ಹೋದಳು. ಕೊನೆಗೆ ಕೆರಿಲಿನ್‌ಳೇ ಮುಂದೆ ಬಂದು, ಅವನಿಗೆ ಪರವಾನಗಿ ಸಿಗುವವರೆಗೆ ಆ ಮನೆಯಲ್ಲಿ ತಾನು ಮಲಗುತ್ತೇನೆ, ಅಲ್ಲಿಯವರೆಗೆ ಮಾತ್ರ ಎಂದಳು. ಹಗಲು ಸೆಲ್ವಿನ್ ಅಡುಗೆ ಮಾಡಿ, ಬಟ್ಟೆ ಒಗೆದು, ಸಂಜೆ ತನ್ನ ಟ್ರಕ್ಕಿನಲ್ಲಿ ಬೇರೆಡೆ ಮಲಗಲು ಹೋಗುತ್ತಿದ್ದ. ಬೇಸಿಗೆ ಬರುವವರೆಗೂ ಹೀಗೇ ನಡೆಯಿತು. ಟಾರ್ನ್ಯಾ ಒಮ್ಮೆ ಚಿಕಿತ್ಸೆ ಬಿಟ್ಟು ಓಡಿಬಂದಳು. ಅವಳ ಚಿಕ್ಕಮ್ಮ ಹಿಂದೆಯೇ ಬಂದು, ಬೈಯದೆ, ಬಸ್‌ಸ್ಟಾಂಡಿನಲ್ಲಿ ಒಂದು ಊಟ ತಿನ್ನಿಸಿ ವಾಪಸು ಕರೆದೊಯ್ದಳು. ಸೆಲ್ವಿನ್ ಎರಡು ವಾರದಲ್ಲಿ ಓಡಿಹೋಗಲಿಲ್ಲ. ಪರವಾನಗಿ ಬಂದ ದಿನ ಕೆರಿಲಿನ್ ತನ್ನ ದಿಂಬು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋಗಿ ಮರುದಿನ ಮಧ್ಯಾಹ್ನದವರೆಗೆ ನಿದ್ದೆ ಮಾಡಿದಳಂತೆ.

ಇಷ್ಟಾದರೂ ಡೆಸ್ಲಿಗೆ ನೆಮ್ಮದಿ ಇಲ್ಲ. ಕೆಲಸಕ್ಕೆ ಹೋಗುವಾಗ, ಬರುವಾಗ, ಅಂಗಡಿಗೆ ಹೋಗುವಾಗ ಟಾರ್ನ್ಯಾಳ ಬೀದಿಯಲ್ಲೇ ಕಾರು ಓಡಿಸುವಳು. ಮನೆಯ ಮುಂದೆ ನಿಧಾನಿಸುವಳು. ಹೊಗೆ ಬರುತ್ತಿದೆಯೇ, ಬಟ್ಟೆ ಒಣಹಾಕಿದೆಯೇ, ಬಾಗಿಲು ಮುಚ್ಚಿದೆಯೇ ನೋಡಿಕೊಂಡು ಮುಂದೆ ಹೋಗುವಳು. ಒಳಗೆ ಹೋಗಿ ಮಾತಾಡಿಸಿ ಬಾ ಎಂದರೆ, ಕರೆಯದೆ ಹೋದರೆ ಪರೀಕ್ಷೆ ಮಾಡಲು ಬಂದೆ ಎಂದುಕೊಳ್ಳುತ್ತಾರೆ ಎನ್ನುವಳು.

ಒಂದು ಸಂಜೆ ನಾನೂ ಆ ಕಾರಿನಲ್ಲಿದ್ದೆ. ಸೆಲ್ವಿನ್ ಬೀದಿಯ ನಡುವೆ ಬಂದು ನಿಂತು ಕಾರು ತಡೆದ. ಕಿಟಕಿಗೆ ಬಗ್ಗಿದ.

"ಈ ಬೀದಿ ಬಿಟ್ರೆ ನಿನ್ನ ಕಾರಿಗೆ ಬೇರೆ ದಾರಿ ಗೊತ್ತಿಲ್ವೇನೆ?"

ಡೆಸ್ಲಿ ನಗಲು ನೋಡಿದಳು. ಅವನು ನಗುತ್ತಿರಲಿಲ್ಲ.

"ನಿನ್ನ ಕಾರು ನಿಧಾನ ಆದಾಗೆಲ್ಲ ಆ ಹುಡುಗಿ ಒಳಗೋಡಿಹೋಗಿ ತಮ್ಮನ ಬಟ್ಟೆ ಚೀಲಕ್ಕೆ ತುಂಬ್ತಾಳೆ. ನಾನು ತೆಗೆದಿಡ್ತೀನಿ, ಅವಳು ಮತ್ತೆ ತುಂಬ್ತಾಳೆ. ಅವಳಿಗೆ ನೀನೇ ಹೇಳು."

 ಡೆಸ್ಲಿ ಎಂಜಿನ್ ಆರಿಸುವುದನ್ನೂ ಮರೆತು ಇಳಿದಳು. ನಾನೇ ಕೈಚಾಚಿ ಕೀಲಿ ತಿರುಗಿಸಿ ಅವಳ ಹಿಂದೆ ಹೋದೆ.

ಮೇಲೀನ್ ಕೋಣೆಯಲ್ಲಿ ಮಂಚದ ಮೇಲಿದ್ದಳು. ಪಕ್ಕದಲ್ಲಿ ಚೀಲ. ಜಾಯ್‌ನ ಎರಡು ಅಂಗಿ, ಒಂದು ಬೂಟು. ಡೆಸ್ಲಿ ಬಾಗಿಲಲ್ಲೇ ನಿಂತು, ಒಳಗೆ ಬರಲೇ ಎಂದು ಕೇಳಿದಳು. ಹುಡುಗಿ ಭುಜ ಕುಣಿಸಿದಳು. ಡೆಸ್ಲಿ ಒಳಗೆ ಹೋಗಲಿಲ್ಲ, ಹೊಸ್ತಿಲ ಹತ್ತಿರವೇ ನೆಲಕ್ಕೆ ಕುಕ್ಕರಗಾಲಲ್ಲಿ ಕೂತಳು.

"ನಾನು ಕರ್ಕೊಂಡು ಹೋಗೋಕೆ ಬಂದಿಲ್ಲ ಮರಿ."

"ಇವತ್ತಾ?"

"ಇವತ್ತು ಇಲ್ಲ."

"ನಾಳೆ?"

"ನಾಳೆನೂ ಇಲ್ಲ."

ಹುಡುಗಿ ಅವಳನ್ನೇ ನೋಡುತ್ತಿದ್ದಳು. ಯಾವತ್ತೂ ಇಲ್ಲ ಎಂಬ ಮಾತು ಡೆಸ್ಲಿಯ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಅದನ್ನು ಹೇಳಿಬಿಟ್ಟರೆ ಎಷ್ಟು ಸುಲಭವಿತ್ತು. ಅವಳು ಹೇಳಲಿಲ್ಲ.

"ಮುಂದಿಂದು ನಂಗೆ ಗೊತ್ತಿಲ್ಲ," ಎಂದಳು. "ಆದ್ರೆ ಅಂಥ ಮಾತು ಯಾವತ್ತಾದ್ರೂ ಬಂದ್ರೆ ನದಿ ಹತ್ರ ಎಲ್ರೂ ಮತ್ತೆ ಕೂತ್ಕೋತಾರೆ. ನಿನ್ನ ಬಿಟ್ಟು ಕೂರಲ್ಲ. ಅದನ್ನ ನಾನು ನೋಡ್ಕೋತೀನಿ."

ಮೇಲೀನ್ ಚೀಲವನ್ನು ಹತ್ತಿರ ಎಳೆದುಕೊಂಡಳು. ಆಮೇಲೆ, "ಹಾಗಾದ್ರೆ ಯಾಕೆ ಬರ್ತೀರ?" ಎಂದು ಕೇಳಿದಳು.

"ನಂಗೆ ಹೆದರಿಕೆ ಆಗತ್ತೆ, ಅದಕ್ಕೆ."

ದೊಡ್ಡವರಿಗೂ ಹೆದರಿಕೆಯೇ ಎಂಬಂತೆ ಹುಡುಗಿ ನೋಡಿದಳು. ಹೆದರಿಕೆ ಆದರೆ ಹಾರ್ನ್ ಹೊಡೆದು ಒಳಗೆ ಬನ್ನಿ, ಸುಮ್ಮನೆ ನಿಧಾನ ಮಾಡಬೇಡಿ ಎಂದಳು. ಡೆಸ್ಲಿ ಆಗಲಿ ಎಂದಳು.

ಮುಂದಿನ ವರ್ಷ ಟಾರ್ನ್ಯಾ ಮನೆಗೆ ಬಂದಳು. ಸೆಲ್ವಿನ್ ಹಿತ್ತಲಲ್ಲಿ ಒಂದು ಕ್ಯಾರವಾನ್ ನಿಲ್ಲಿಸಿಕೊಂಡು ಅಲ್ಲೇ ಉಳಿದ. ಮಕ್ಕಳು ಮಲಗಿದ ಮೇಲೆ ಅವರಿಬ್ಬರೂ ಜಗಳವಾಡುತ್ತಾರೆ ಎಂದು ನೆರೆಯವರು ಹೇಳುತ್ತಾರೆ, ಮಾತ್ರೆಯ ಬಗ್ಗೆಯಲ್ಲ, ಸಾರಿಗೆ ಉಪ್ಪು ಎಷ್ಟು ಎಂಬ ಬಗ್ಗೆ. ಫಿಲಿಪ್ಪಾ ವರ್ಗವಾಗಿ ಹೋದಳು, ಈಗ ಬಂದಿರುವವನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಡೆಸ್ಲಿ ಈಗ ಇನ್ನೊಂದು ಕುಟುಂಬದ ಬೆನ್ನು ಹತ್ತಿದ್ದಾಳೆ. ಮೂರು ಊರುಗಳಲ್ಲಿ ಚದುರಿಹೋದ ಬಂಧುಗಳು, ಒಬ್ಬರೊಡನೊಬ್ಬರು ಮಾತಾಡುವುದಿಲ್ಲ. ನಿನ್ನೆ ಬೆಳಿಗ್ಗೆ ವ್ಯಾನ್ ಹತ್ತಿದವಳು ಊರು ದಾಟುವವರೆಗೂ ಬೆಲ್ಟ್ ಹಾಕಿಕೊಳ್ಳದೆ ಯಾರಿಗೋ ಫೋನ್ ಮಾಡುತ್ತಿದ್ದಳು. ಟಾರ್ನ್ಯಾಳ ಬೀದಿ ಬಂದಾಗ ಫೋನನ್ನು ಎದೆಗೊತ್ತಿಕೊಂಡು, ನಿಧಾನ ಮಾಡಬೇಡ, ಜೋರಾಗಿ ಹೋಗು ಎಂದು ನನಗೆ ಸನ್ನೆ ಮಾಡಿದಳು.